ಲ್ಯಾಂಕೇರ್ ಐವಿ-ಪಿ: ಕಿಟ್ ವಿಮಾನದ ಪ್ರೆಶರೈಸ್ಡ್ ಕ್ಯಾಬಿನ್, ವರ್ಷಗಳ ಬಳಕೆಯ ನಂತರ

ಲ್ಯಾಂಕೇರ್ ಐವಿ-ಪಿ ಅಂದಕೂಡಲೇ ಎಲ್ಲರೂ ಕೇಳುವುದು ಅದರ ವೇಗದ ಬಗ್ಗೆ. ವೇಗ ಇದ್ದೇ ಇದೆ: 350 ಅಶ್ವಶಕ್ತಿಯ ಕಾಂಟಿನೆಂಟಲ್ ಟಿಎಸ್‌ಐಒ-550 ಇಂಜಿನ್, ಎರಡು ಟರ್ಬೋ, ಕಾರ್ಬನ್ ಫೈಬರ್ ಮೈ. ಆದರೆ ನಾವು ಮೂವರು ಸೇರಿ ಈ ವಿಮಾನ ಕೊಂಡದ್ದು ಅದರ ಕ್ಯಾಬಿನ್ನಿಗಾಗಿ. ಇದು ಕಿಟ್ ವಿಮಾನ, ಅಂದರೆ ಬಿಡಿಭಾಗ ತರಿಸಿ ಸ್ವಂತವಾಗಿ ಕಟ್ಟಿಕೊಳ್ಳುವಂಥದ್ದು. ನಮ್ಮದನ್ನು ಕಟ್ಟಿದವರು ಬೇರೆಯವರು, ಅವರ ಗ್ಯಾರೇಜಿನಲ್ಲೇ ಹುಟ್ಟಿದ್ದು. ಈಗ ಡೆನ್ವರ್ ಪಕ್ಕದ ಸೆಂಟೆನಿಯಲ್ ಏರ್‌ಪೋರ್ಟಿನಲ್ಲಿ ನಮ್ಮ ಹ್ಯಾಂಗರಿನಲ್ಲಿದೆ. ವರ್ಷಗಟ್ಟಲೆ ಹಾರಿಸಿ, ಬಿಚ್ಚಿ, ಮತ್ತೆ ಜೋಡಿಸಿದ ಮೇಲೆ ಒಂದು ವಿಷಯ ಖಚಿತವಾಗಿ ಹೇಳಬಲ್ಲೆ. ಪ್ರೆಶರೈಸೇಶನ್ (ಎತ್ತರದಲ್ಲಿ ಕ್ಯಾಬಿನ್ನಿಗೆ ಗಾಳಿ ತುಂಬಿ ಒತ್ತಡ ಉಳಿಸುವುದು) ಅಂದರೆ ಪ್ಯಾನೆಲ್ಲಿನಲ್ಲಿ ಕೂರಿಸಿದ ಒಂದು ಡಬ್ಬಿ ಅಂದುಕೊಂಡು ಕೊಳ್ಳಬೇಡಿ. ಇಂಜಿನ್, ಬಾಗಿಲಿನ ರಬ್ಬರ್, ಇಪ್ಪತ್ತು ವರ್ಷದ ಹಿಂದೆ ಯಾರೋ ಬಳಿದ ಸೀಲೆಂಟ್, ಥ್ರಾಟಲ್ ಮೇಲಿನ ನಿಮ್ಮ ಕೈ, ಇಷ್ಟೂ ಒಟ್ಟಾದರೆ ಮಾತ್ರ ಒಳಗೆ ಒತ್ತಡ ನಿಲ್ಲುತ್ತದೆ.

ಡೆನ್ವರಿನಿಂದ ಪಶ್ಚಿಮಕ್ಕೆ ಹೊರಟರೆ ಎದುರಿಗೇ ರಾಕಿ ಪರ್ವತಗಳು, 14,000 ಅಡಿ ದಾಟಿದ ಶಿಖರಗಳ ಸಾಲು. ಅದರ ಮೇಲೆ ನೆಮ್ಮದಿಯಾಗಿ ಹೋಗಬೇಕಾದರೆ 17,000, 18,000 ಅಡಿ ಬೇಕು. ಅಮೆರಿಕದ ನಿಯಮದ ಪ್ರಕಾರ ಕ್ಯಾಬಿನ್ ಎತ್ತರ (ಒಳಗಿನ ಗಾಳಿ ಎಷ್ಟು ಅಡಿ ಎತ್ತರದ ಗಾಳಿಗೆ ಸಮ ಅನ್ನುವ ಲೆಕ್ಕ) 14,000 ಅಡಿ ದಾಟಿದರೆ ಪೈಲಟ್ ಪೂರ್ತಿ ಹೊತ್ತು ಆಮ್ಲಜನಕ ತೆಗೆದುಕೊಳ್ಳಬೇಕು. 15,000 ದಾಟಿದರೆ ಪ್ರಯಾಣಿಕರಿಗೂ ಒದಗಿಸಬೇಕು. ಹಿಂದಿನ ವಿಮಾನದಲ್ಲಿ ಮೂಗಿಗೆ ನಳಿಕೆ ಸಿಕ್ಕಿಸಿಕೊಂಡೇ ಹಾರುತ್ತಿದ್ದೆವು. ಮೂಗು ಒಣಗಿ ಉರಿಯುತ್ತಿತ್ತು, ಇಳಿದ ಮೇಲೆ ಸಂಜೆಯವರೆಗೂ ತಲೆ ಭಾರ. ಅಮ್ಮ ಮೈಸೂರಿನಿಂದ ಬಂದಾಗ ಆ ನಳಿಕೆ ನೋಡಿಯೇ ಬೇಡ ಅಂದುಬಿಟ್ಟರು. ಈ ವಿಮಾನದಲ್ಲಿ ಅವರು ಫೀನಿಕ್ಸ್‌ವರೆಗೂ ಕಿಟಕಿಗೆ ಹಣೆ ಹಚ್ಚಿ ಕೂತು ಬಂದರು, ಇಳಿದ ತಕ್ಷಣ ಊಟ ಎಲ್ಲಿ ಅಂತ ಕೇಳಿದರು. ಖರ್ಚೆಲ್ಲ ಸಾರ್ಥಕ ಅನ್ನಿಸುವುದು ಇಂಥ ದಿನಗಳಲ್ಲಿ.

ಇನ್ನು ಇದು ಕೆಲಸ ಮಾಡುವ ರೀತಿ. ಇಂಜಿನ್ ಹೊಗೆಯಿಂದ ತಿರುಗುವ ಟರ್ಬೋದ ಕಂಪ್ರೆಸರ್ ಗಾಳಿಯನ್ನು ಅದುಮಿ ಇಂಜಿನ್ನಿಗೆ ಕಳಿಸುತ್ತದಲ್ಲ, ಅದರಲ್ಲೇ ಒಂದು ಪಾಲನ್ನು ಕ್ಯಾಬಿನ್ನಿಗೆ ತಿರುಗಿಸುತ್ತಾರೆ. ಹೊಗೆ ಹೋಗುವುದು ಟರ್ಬೈನ್ ಬದಿಯಲ್ಲಿ, ನಾವು ಉಸಿರಾಡುವುದು ಕಂಪ್ರೆಸರ್ ಬದಿಯ ಗಾಳಿ, ಎರಡೂ ಬೇರೆ. ಹಾಗಿದ್ದರೂ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇಲ್ಲದೆ ನಾನಂತೂ ಹಾರುವುದಿಲ್ಲ. ಕ್ಯಾಬಿನ್ನಿಗೆ ಬರುವ ದಾರಿಯಲ್ಲಿ ಸೋನಿಕ್ ನಾಝಲ್ ಅನ್ನುವ ಸಣ್ಣ ಕಂಠವಿದೆ. ಗಾಳಿಯ ವೇಗ ಆ ಕಂಠದಲ್ಲಿ ಶಬ್ದದ ವೇಗ ಮುಟ್ಟಿತೆಂದರೆ, ಮುಂದೆ ಕ್ಯಾಬಿನ್ನಿನಲ್ಲಿ ಒತ್ತಡ ಎಷ್ಟೇ ಕುಸಿದರೂ ಹರಿವು ಹೆಚ್ಚಾಗುವುದಿಲ್ಲ. ಇಡೀ ವ್ಯವಸ್ಥೆಯಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ ಇದು. ಅಲುಗಾಡುವ ಒಂದು ತುಂಡೂ ಇಲ್ಲ, ಆದರೂ ಕಿಟಕಿಯೇ ಕಿತ್ತುಹೋದ ದಿನ ಇಂಜಿನ್ನಿನ ಗಾಳಿಯೆಲ್ಲ ಆ ತೂತಿನಿಂದ ಬರಿದಾಗದಂತೆ ಕಾಯುತ್ತದೆ.

ಅದುಮಿದ ಗಾಳಿ ಬಿಸಿಯಾಗಿರುತ್ತದೆ, ಹಾಗಾಗಿ ಕೂಲರ್ ಮೂಲಕ ಹಾಯಿಸಿ ಒಳಗೆ ಬಿಡುತ್ತಾರೆ. ಹಿಂದಕ್ಕೆ ಹರಿಯದಂತೆ ಒಂದು ಚೆಕ್ ವಾಲ್ವ್. ಒಳಗಿನ ಒತ್ತಡ ನಿಯಂತ್ರಿಸುವುದು ಹೊರಹೋಗುವ ದಾರಿಯಲ್ಲಿರುವ ಔಟ್‌ಫ್ಲೋ ವಾಲ್ವ್: ಗಾಳಿ ಸದಾ ಬರುತ್ತಲೇ ಇರುತ್ತದೆ, ಎಷ್ಟು ಬಿಡಬೇಕು ಅನ್ನುವುದನ್ನು ಈ ವಾಲ್ವ್ ತೀರ್ಮಾನಿಸುತ್ತದೆ. ಅದು ಸಿಕ್ಕಿಕೊಂಡರೆ ಒತ್ತಡ ಮಿತಿಮೀರದಂತೆ ಇನ್ನೊಂದು ಸೇಫ್ಟಿ ವಾಲ್ವ್. ಪ್ಯಾನೆಲ್ಲಿನ ಕಂಟ್ರೋಲರ್‌ನಲ್ಲಿ ಕ್ಯಾಬಿನ್ ಎತ್ತರವನ್ನೂ ಅದು ಬದಲಾಗುವ ವೇಗವನ್ನೂ ನಾವು ಹೇಳುತ್ತೇವೆ.

ಐವಿ-ಪಿಯಲ್ಲಿ ಒಳಗೂ ಹೊರಗೂ ಇರಬಹುದಾದ ಒತ್ತಡದ ವ್ಯತ್ಯಾಸ 5 ಪಿಎಸ್‌ಐ, ಅಂದರೆ ಚದರ ಇಂಚಿಗೆ 5 ಪೌಂಡ್. ಇದರ ಬೆಲೆ ಗೊತ್ತಾಗಬೇಕಾದರೆ ಲೆಕ್ಕ ಹಾಕಿ. 24,000 ಅಡಿಯಲ್ಲಿ ಹೊರಗಿನ ಒತ್ತಡ 5.7 ಪಿಎಸ್‌ಐ. ಅದಕ್ಕೆ 5 ಸೇರಿಸಿದರೆ 10.7, ಅಂದರೆ ಸುಮಾರು 8,500 ಅಡಿಯ ಗಾಳಿ. ಊಟಿಯ ದೊಡ್ಡಬೆಟ್ಟದ ತುದಿಯಲ್ಲಿ ನಿಂತಷ್ಟೇ. 19,000 ಅಡಿಯಲ್ಲಿ ಹಾರುವಾಗಲಂತೂ ಕ್ಯಾಬಿನ್ನನ್ನು ಹೊರಟ ಊರಿನ ಮಟ್ಟದಲ್ಲೇ, 5,885 ಅಡಿಯಲ್ಲೇ ಇರಿಸಬಹುದು. ಹೋಲಿಕೆಗೆ, ಸೆಸ್ನಾ ಪಿ210ರಲ್ಲಿ ಇದು 3.35 ಪಿಎಸ್‌ಐ, 23,000 ಅಡಿಯಲ್ಲಿ ಒಳಗೆ 12,000 ಅಡಿ. ಪೈಪರ್ ಮಾಲಿಬುವಿನಲ್ಲಿ 5.5, ಅಲ್ಲಿ 25,000 ಅಡಿಗೂ ಕ್ಯಾಬಿನ್ 8,000 ಅಡಿ. ಅವೆರಡೂ ಕಾರ್ಖಾನೆಯಲ್ಲಿ ತಯಾರಾಗಿ ಸರ್ಟಿಫಿಕೇಟ್ ಪಡೆದ ವಿಮಾನಗಳು.

ಕಿಟ್ ವಿಮಾನದ ಅಸಲು ಕಥೆ ಶುರುವಾಗುವುದು ಸೋರಿಕೆಯಲ್ಲಿ. ನಾಝಲ್ ಕೊಡುವ ಗಾಳಿಗೆ ಮಿತಿ ಇದೆ. ಅದರಲ್ಲಿ ಬಿರುಕು, ಸಂದಿಗಳಿಂದ ಸೋರಿ ಉಳಿದದ್ದು ಮಾತ್ರ ಔಟ್‌ಫ್ಲೋ ವಾಲ್ವಿನ ಪಾಲು. ಸೋರಿಕೆ ಬೆಳೆಯುತ್ತಾ ಹೋದಂತೆ ವಾಲ್ವ್ ಇನ್ನಷ್ಟು ಮುಚ್ಚಿಕೊಂಡು ಕ್ಯಾಬಿನ್ ಎತ್ತರವನ್ನು ಹಾಗೇ ಹಿಡಿದಿಡುತ್ತದೆ, ಗೇಜಿನಲ್ಲಿ ಏನೂ ಕಾಣುವುದಿಲ್ಲ. ವಾಲ್ವ್ ಪೂರ್ತಿ ಮುಚ್ಚಿದ ದಿನ ಕಂಟ್ರೋಲರ್ ಹಿಡಿತ ತಪ್ಪುತ್ತದೆ, ಪವರ್ ಸ್ವಲ್ಪ ತಗ್ಗಿಸಿದರೂ ಕಿವಿಗೆ ಗೊತ್ತಾಗುತ್ತದೆ. ಅದಕ್ಕೇ ನಾನು ಗೇಜನ್ನು ನಂಬಿ ಕೂರುವುದಿಲ್ಲ, ಪ್ರತಿ ಚಳಿಗಾಲ ನೆಲದ ಮೇಲೇ ಪರೀಕ್ಷೆ ಮಾಡುತ್ತೇನೆ. ವರ್ಕ್‌ಶಾಪ್ ವ್ಯಾಕ್ಯೂಮ್ ಕ್ಲೀನರ್‌ನ ಊದುವ ಬಾಯಿಯನ್ನು ಕ್ಯಾಬಿನ್ನಿನ ಗಾಳಿ ಕೊಳವೆಗೆ ಸಿಕ್ಕಿಸಿ, ಒಳಗೆ ಯಾರೂ ಇಲ್ಲದಂತೆ ಬಾಗಿಲು ಮುಚ್ಚಿ, ಒಂದು ಪಿಎಸ್‌ಐ ತುಂಬಿಸಿ, ಮೋಟಾರ್ ನಿಲ್ಲಿಸಿ ಒತ್ತಡ ಇಳಿಯುವ ಹೊತ್ತನ್ನು ಬರೆದಿಟ್ಟುಕೊಳ್ಳುತ್ತೇನೆ. ಆಮೇಲೆ ಸೋಪಿನ ನೀರು, ಬ್ರಷ್, ಟಾರ್ಚ್.

ಸೋರುವ ಜಾಗಗಳು ಹೆಚ್ಚುಕಡಿಮೆ ಅವೇ. ಇಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ಫೈರ್‌ವಾಲ್‌ನಲ್ಲಿ ವೈರ್ ಕಟ್ಟು ತೂರುವ ತೂತು, ಏಲರಾನ್ (ರೆಕ್ಕೆಯ ಹಿಂಬದಿಯ ಅಲುಗುವ ಹಲಗೆ) ರಾಡ್‌ಗಳ ರಬ್ಬರ್ ಬೂಟು, ಲಗೇಜಿನ ಹಿಂದಿನ ಅಡ್ಡಗೋಡೆ ಬಲ್ಕ್‌ಹೆಡ್ಡಿನ ಅಂಚು. ನಮ್ಮದರಲ್ಲಿ ಒಂದು ವರ್ಷ ಒತ್ತಡ ನಿಲ್ಲುವ ಹೊತ್ತು ಅರ್ಧಕ್ಕೆ ಇಳಿದಿತ್ತು. ಹುಡುಕುತ್ತಾ ಹೋದರೆ ಬಲಗಡೆ ಬೂಟಿನ ಮಡಿಕೆಯ ಒಳಗಡೆ ಉಗುರಿನಷ್ಟು ಸೀಳು. ರಾಡ್ ನೇರವಿದ್ದಾಗ ಮುಚ್ಚಿಕೊಳ್ಳುತ್ತಿತ್ತು, ಸ್ಟಿಕ್ ಎಡಕ್ಕೆ ತಳ್ಳಿದರೆ ಬಾಯಿ ಬಿಟ್ಟು ಸೋಪಿನ ಗುಳ್ಳೆ ಎಬ್ಬಿಸುತ್ತಿತ್ತು. ಅಂದಿನಿಂದ ಸ್ಟಿಕ್ಕನ್ನು ನಾಲ್ಕೂ ಕಡೆ ಆಡಿಸುತ್ತಲೇ ಪರೀಕ್ಷೆ. ಔಟ್‌ಫ್ಲೋ ವಾಲ್ವಿನ ತಟ್ಟೆಯನ್ನೂ ಆಗಲೇ ಒರೆಸಿಬಿಡುತ್ತೇನೆ, ಕ್ಯಾಬಿನ್ನಿನ ಧೂಳು, ಕಾರ್ಪೆಟ್ಟಿನ ನಾರು ಎಲ್ಲ ಹೊರಹೋಗುವುದು ಅದರ ಮೂಲಕವೇ.

ಬಾಗಿಲಿನ ವಿಷಯ ಬೇರೆ. ಸುಮಾರು ಸಾವಿರ ಚದರ ಇಂಚಿನ ಬಾಗಿಲು ಅಂದುಕೊಳ್ಳಿ, ಪ್ರತಿ ಇಂಚಿಗೂ 5 ಪೌಂಡ್. ಒಟ್ಟು 5,000 ಪೌಂಡ್, ಎರಡು ಟನ್ನಿಗೂ ಹೆಚ್ಚು ಬಲ ಅದನ್ನು ಹೊರಕ್ಕೆ ತಳ್ಳುತ್ತಿರುತ್ತದೆ. ಲಾಚ್ ಪಿನ್‌ಗಳು ಪೂರ್ತಿ ಕೂತಿವೆಯೇ ಅಂತ ಕಣ್ಣಾರೆ ನೋಡಿ, ಬೆರಳಿನಿಂದ ಮುಟ್ಟಿ, ಆಮೇಲೇ ಇಂಜಿನ್ ಸ್ಟಾರ್ಟ್. ಬಾಗಿಲ ಸುತ್ತ ಗಾಳಿ ತುಂಬಿ ಉಬ್ಬಿಸುವ ಸೀಲ್ ಇದೆ. ಕೊಲೊರಾಡೋದ ಜನವರಿಯಲ್ಲಿ ಆ ರಬ್ಬರ್ ಗಡಸಾಗಿ, ಉಬ್ಬಲು ತಡ ಮಾಡುತ್ತದೆ. ಹ್ಯಾಂಗರಿನಲ್ಲಿ ಹೀಟರ್ ಇರಲೇಬೇಕು ಅನ್ನುವುದಕ್ಕೆ ಇದೂ ಒಂದು ಕಾರಣ.

ಇಳಿಯುವಾಗ ಇನ್ನೊಂದು ಶಿಸ್ತು ಬೇಕು. ಕ್ಯಾಬಿನ್ನಿನ ಗಾಳಿ ಟರ್ಬೋದ್ದು, ಟರ್ಬೋ ತಿರುಗುವುದು ಇಂಜಿನ್ ಹೊಗೆಯಿಂದ. ಎತ್ತರದಲ್ಲಿ ಥ್ರಾಟಲ್ ಪೂರ್ತಿ ಎಳೆದರೆ ಒಳಬರುವ ಗಾಳಿಯೂ ಕುಸಿಯುತ್ತದೆ. ನಮ್ಮ ವಿಮಾನದಲ್ಲಿ ಮ್ಯಾನಿಫೋಲ್ಡ್ ಪ್ರೆಶರ್ (ಇಂಜಿನ್ನಿಗೆ ಹೋಗುವ ಗಾಳಿಯ ಒತ್ತಡ, ಪಾದರಸದ ಇಂಚಿನಲ್ಲಿ) 25 ಇಂಚಿಗಿಂತ ಕೆಳಗಿಳಿಯದಂತೆ ನೋಡಿಕೊಂಡು, ನಿಮಿಷಕ್ಕೆ ಸಾವಿರ ಅಡಿಯಂತೆ, ಬೇಗನೇ ಇಳಿಯಲು ಶುರುಮಾಡುತ್ತೇವೆ. ಇಂಜಿನ್ನಿಗೂ ಇದೇ ಹಿತ. 24,000 ಅಡಿಯಿಂದ ಸೆಂಟೆನಿಯಲ್‌ಗೆ ಬರಲು 18 ನಿಮಿಷ. ಅಷ್ಟರಲ್ಲಿ ಕ್ಯಾಬಿನ್ ಇಳಿಯಬೇಕಾದದ್ದು ಸುಮಾರು 2,600 ಅಡಿ, ನಿಮಿಷಕ್ಕೆ ಹೆಚ್ಚೆಂದರೆ 150. ಶೀತವಾಗಿದ್ದ ಮಗು ಹಿಂದಿನ ಸೀಟಿನಲ್ಲಿ ಏಳದೆ ನಿದ್ದೆ ಮಾಡಿದ್ದನ್ನು ನೋಡಿದ್ದೇನೆ. ಚಕ್ರ ನೆಲ ಮುಟ್ಟುವ ಹೊತ್ತಿಗೆ ಒಳಗೆ ಒತ್ತಡ ಉಳಿದಿರಬಾರದು, ಇಲ್ಲವಾದರೆ ಬಾಗಿಲು ತೆರೆಯುವುದೇ ಅಪಾಯ. ಟರ್ಬೈನ್ ಇಂಜಿನ್ನಿನ ಲ್ಯಾಂಕೇರ್ ಎವಲ್ಯೂಷನ್ ಹಾರಿಸುವವರಿಗೆ ಈ ತಲೆನೋವು ಕಡಿಮೆ. ಬೆಲೆ ಮಾತ್ರ ಬಹಳ ಹೆಚ್ಚು.

ಸುರಕ್ಷತೆಯ ಬಗ್ಗೆ ನೇರವಾಗಿ ಹೇಳುತ್ತೇನೆ. ಚಿಕ್ಕ ಕ್ಯಾಬಿನ್ನಿನಲ್ಲಿ ಗಾಳಿಯ ದಾಸ್ತಾನು ಕಡಿಮೆ, ಅಷ್ಟೇ ಗಾತ್ರದ ತೂತಿಗೆ ಏರ್‌ಲೈನ್ ವಿಮಾನಕ್ಕಿಂತ ಬಹಳ ಬೇಗ ಖಾಲಿಯಾಗುತ್ತದೆ. 25,000 ಅಡಿಯಲ್ಲಿ ಬುದ್ಧಿ ನೆಟ್ಟಗಿರುವುದು ಮೂರರಿಂದ ಐದು ನಿಮಿಷ; ಒತ್ತಡ ಥಟ್ಟನೆ ಹೋದರೆ ಅದರ ಅರ್ಧ. ಆಮ್ಲಜನಕದ ಕೊರತೆ ತಲೆಗೇರಿದಾಗ ಮನುಷ್ಯನಿಗೆ ಎಲ್ಲವೂ ಸರಿಯಾಗಿದೆ ಅನ್ನಿಸುತ್ತಿರುತ್ತದೆ. ಹಾಗಾಗಿ ಕ್ಯಾಬಿನ್ 10,000 ಅಡಿ ದಾಟಿದರೆ ಹೆಡ್‌ಸೆಟ್ಟಿನಲ್ಲಿ ಕೂಗುವ ಅಲಾರಂ ಹಾಕಿಸಿದ್ದೇವೆ, ಮಾಸ್ಕ್ ಮೊಣಕಾಲ ಪಕ್ಕದಲ್ಲೇ, ಸಿಲಿಂಡರ್ ತೆರೆದೇ ಇರುತ್ತದೆ. ಕಾರಣವಿಲ್ಲದೆ 20,000 ಅಡಿ ದಾಟುವುದಿಲ್ಲ. ವಿಮಾನವೂ ಸಲೀಸಿನದ್ದಲ್ಲ: ಲ್ಯಾಂಕೇರ್‌ಗಳು ನಿಧಾನದ ಹಾರಾಟದಲ್ಲಿ ಸ್ಟಾಲ್ ಆಗುವ (ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವ) ಬಗ್ಗೆ 2009ರಲ್ಲಿ ಅಮೆರಿಕದ ವಿಮಾನಯಾನ ಆಡಳಿತ ಎಫ್‌ಎಎ ಎಚ್ಚರಿಕೆ ಹೊರಡಿಸಿತ್ತು. ಮಾಲೀಕರ ಸಂಘ ಲೋಬೋದ ತರಬೇತಿ ಮುಗಿಸದೆ ಒಬ್ಬರೇ ಹಾರಿಸಬೇಡಿ.

ಐವಿ-ಪಿಯ ಹೊಸ ಕಿಟ್ ಈಗ ಸಿಗುವುದಿಲ್ಲ, ಕೊಂಡರೆ ಹಳೆಯದನ್ನೇ ಕೊಳ್ಳಬೇಕು. ಎಕ್ಸ್‌ಪೆರಿಮೆಂಟಲ್ (ಸ್ವಂತ ಕಟ್ಟಿದ ವಿಮಾನಗಳು ಸೇರುವ) ವರ್ಗದ ವಿಮಾನವಾದ್ದರಿಂದ ರಿಪೇರಿ ನೀವೇ ಮಾಡಬಹುದು, ಆದರೆ ವಾರ್ಷಿಕ ತಪಾಸಣೆಗೆ ಸಹಿ ಹಾಕುವ ರಿಪೇರ್‌ಮನ್ ಸರ್ಟಿಫಿಕೇಟ್ ಕಟ್ಟಿದವರ ಹೆಸರಿನಲ್ಲೇ ಉಳಿಯುತ್ತದೆ, ನಿಮಗೆ ಬರುವುದಿಲ್ಲ. ಒಪ್ಪುವ ಮೆಕ್ಯಾನಿಕ್ ಸಿಕ್ಕ ಮೇಲೇ ಚೆಕ್ ಬರೆಯಿರಿ. ನೋಡಲು ಹೋದಾಗ ಸೋರಿಕೆ ಪರೀಕ್ಷೆಯ ಹಳೆಯ ಟಿಪ್ಪಣಿ ಕೇಳಿ. ಕಟ್ಟಿದವರು ಒತ್ತಡಕ್ಕೆ ವಿಮಾನದ ಒಡಲನ್ನು ಮೊದಲು ಪರೀಕ್ಷಿಸಿದ ದಾಖಲೆ ಇದ್ದರೆ ಇನ್ನೂ ಒಳ್ಳೆಯದು. ಕಿಟಕಿಗಳ ಅಕ್ರಿಲಿಕ್‌ನಲ್ಲಿ ಕೂದಲೆಳೆಯ ಬಿರುಕುಗಳಿವೆಯೇ ಅಂತ ಬಿಸಿಲಿಗೆ ಓರೆಯಾಗಿ ನೋಡಿ. ಆಮೇಲೆ ಮಾಲೀಕರ ಜೊತೆ 18,000 ಅಡಿಗೆ ಏರಿ, ಕ್ಯಾಬಿನ್ 5,000 ಅಡಿಯಲ್ಲಿ ನಿಂತ ಮೇಲೆ ಪವರನ್ನು ಒಂದೊಂದೇ ಇಂಚು ತಗ್ಗಿಸಿ. ಕ್ಯಾಬಿನ್ ಎತ್ತರ ಎಷ್ಟು ಇಂಚಿಗೆ ಮೇಲೇಳತೊಡಗುತ್ತದೆ ಅನ್ನುವುದನ್ನು ಬರೆದುಕೊಳ್ಳಿ. 30 ಇಂಚಿನಲ್ಲೇ ಎದ್ದರೆ ಸೋರಿಕೆ ಹುಡುಕಲು ಒಂದು ಚಳಿಗಾಲ ಪೂರ್ತಿ ಬೇಕಾಗುತ್ತದೆ, ಆ ಲೆಕ್ಕವನ್ನೂ ಹಿಡಿದು ಬೆಲೆ ಮಾತಾಡಿ.