ನೀಡಲ್ ಬೇರಿಂಗಿನ ಹ್ಯಾಂಡ್‌ವೀಲ್ ಕ್ಲಚ್: ಯಾರಿಗೆ ಬೇಕು, ಯಾರಿಗೆ ಬೇಡ

ಪೀಣ್ಯದಂಥ ಕಡೆ ಹಳೆಯ ಮಿಲ್ಲಿಂಗ್ ಮಷೀನಿಗೆ ಮೋಟಾರ್ ಫೀಡ್ (ಟೇಬಲನ್ನು ಮೋಟಾರಿನಿಂದ ಓಡಿಸುವ ವ್ಯವಸ್ಥೆ) ಕೂರಿಸುವವರು ಎಲ್ಲವನ್ನೂ ಲೆಕ್ಕ ಹಾಕಿ ಹ್ಯಾಂಡ್‌ವೀಲನ್ನು ಮರೆಯುತ್ತಾರೆ. 5 ಮಿ.ಮೀ. ಪಿಚ್ (ಒಂದು ಸುತ್ತಿಗೆ ಟೇಬಲ್ ಸರಿಯುವ ದೂರ) ಇರುವ ಸ್ಕ್ರೂ ಮೇಲೆ ಟೇಬಲ್ ನಿಮಿಷಕ್ಕೆ 3 ಮೀಟರ್ ಓಡಿದರೆ ಸ್ಕ್ರೂ 600 ಆರ್‌ಪಿಎಂನಲ್ಲಿ ತಿರುಗುತ್ತದೆ. ವೀಲೂ ಜತೆಗೇ ತಿರುಗಿದರೆ, ನಡುವಿನಿಂದ 80 ಮಿ.ಮೀ. ದೂರದ ಹಿಡಿಯ ವೇಗ ಸೆಕೆಂಡಿಗೆ 5 ಮೀಟರ್. ಅಂಗಿಯ ತೋಳು ಸಿಕ್ಕಿದರೆ ಕೈ ಎಳೆದುಕೊಳ್ಳಲು ಸಮಯವಿಲ್ಲ.

ಕ್ಲಚ್ ಕಪ್ಲಿಂಗ್ ಇದ್ದರೆ ವೀಲ್ ಶಾಫ್ಟಿನಿಂದ ಬಿಡಿಯಾಗಿರುತ್ತದೆ. ಒಳಗಿನ ಸ್ಪ್ರಿಂಗ್ ಎರಡು ಕಡೆಯ ಹಲ್ಲುಗಳನ್ನು ದೂರ ಇಡುತ್ತದೆ. ವೀಲನ್ನು ಶಾಫ್ಟಿನತ್ತ ಒತ್ತಿದರೆ ಹಲ್ಲು ಕೂಡುತ್ತದೆ, ಕೈ ಬಿಟ್ಟರೆ ಬಿಡುತ್ತದೆ. ಇಷ್ಟಕ್ಕೆ ಕಂಚಿನ ಬುಷ್ ಸಾಲದೇ? ನಿಧಾನದ ಫೀಡಿಗೆ ಸಾಕು. ರ‍್ಯಾಪಿಡ್‌ನಲ್ಲಿ (ಟೇಬಲನ್ನು ವೇಗವಾಗಿ ಓಡಿಸುವಾಗ), ಎಣ್ಣೆ ಒಣಗಿದ ಮೇಲೆ, ಬುಷ್ ವೀಲನ್ನು ಎಳೆದುಕೊಂಡು ಹೋಗುತ್ತದೆ. ನೀಡಲ್ ಬೇರಿಂಗಿಗೆ (ಸೂಜಿಯಂಥ ತೆಳು ಉರುಳೆಗಳ ಬೇರಿಂಗ್) ಕೊಡುವ ಹೆಚ್ಚಿನ ದುಡ್ಡು ಇದನ್ನು ತಪ್ಪಿಸಲಿಕ್ಕೆ.

ಅಂಗಡಿಯಲ್ಲೇ ಮಾಡಬಹುದಾದ ಪರೀಕ್ಷೆಯೊಂದಿದೆ. ವೀಲ್ ಕೂರಿಸಿ, ಹಿಡಿಯನ್ನು ಅಡ್ಡಕ್ಕೆ ತಂದು ಬಿಡಿ. ಕೆಳಗಿಳಿದು ನಾಲ್ಕಾರು ಬಾರಿ ತೂಗಾಡಿದರೆ ಸರಿ. 150 ಗ್ರಾಂ ಹಿಡಿ 80 ಮಿ.ಮೀ. ದೂರದಲ್ಲಿ ಕೊಡುವ ಟಾರ್ಕ್ ಸುಮಾರು 0.12 ನ್ಯೂಟನ್ ಮೀಟರ್ ಮಾತ್ರ. ಒಳಗಿನ ತಿಕ್ಕಾಟ ಅದನ್ನು ಮೀರಿದರೆ ವೀಲ್ ಶಾಫ್ಟಿನ ಜತೆ ಉರುಳುತ್ತದೆ. ಗ್ರೀಸ್ ತುಂಬಿ ಕಟ್ಟಿದ್ದರೂ ಇದೇ ಗತಿ. ತೆಳುವಾಗಿ ಸವರಿದರೆ ಸಾಕು. (ಎದುರು ತೂಕವಿರುವ ವೀಲಿಗೆ ಈ ಪರೀಕ್ಷೆ ಹೊಂದದು.)

ಹೆಚ್ಚಿನವರು ಎಡವುವುದು ಡಯಲ್ (ಟೇಬಲ್ ಸರಿದ ಅಳತೆ ತೋರುವ ಗೆರೆಗಳ ಬಳೆ) ವಿಷಯದಲ್ಲಿ. 20 ಹಲ್ಲಿನ ಕ್ಲಚ್ ಪ್ರತಿ 18 ಡಿಗ್ರಿಗೊಮ್ಮೆ ಕೂಡುತ್ತದೆ. 5 ಮಿ.ಮೀ. ಪಿಚ್‌ನಲ್ಲಿ ಅದು 0.25 ಮಿ.ಮೀ. ಡಯಲ್ ವೀಲಿನ ಮೇಲಿದ್ದರೆ ಒಮ್ಮೆ ಬಿಟ್ಟು ಮತ್ತೆ ಒತ್ತಿದಾಗ ಸೊನ್ನೆ ಹೋಯಿತೆಂದೇ ಲೆಕ್ಕ. ಡಯಲ್ ಶಾಫ್ಟಿಗೆ ಕಚ್ಚಿಕೊಂಡ ಭಾಗದಲ್ಲೇ ಇರಬೇಕು. ಚಿತ್ರ ನೋಡಿ ಆರ್ಡರ್ ಮಾಡಬೇಡಿ, ಡ್ರಾಯಿಂಗ್ ಕೇಳಿ.

20 ಮಿ.ಮೀ. ಶಾಫ್ಟಿಗೆ 6×6 ಕೀ (ಶಾಫ್ಟನ್ನೂ ಹಬ್ಬನ್ನೂ ಬಂಧಿಸುವ ಲೋಹದ ತುಂಡು), ಹಬ್ ಕಡೆ ಕೀವೇ (ಕೀ ಕೂರುವ ಗಾಡಿ) ಆಳ 2.8 ಮಿ.ಮೀ. ಬೋರ್ (ಶಾಫ್ಟ್ ಕೂರುವ ರಂಧ್ರ) ಎಚ್7 ಅಳತೆಮಿತಿಯಲ್ಲಿರಲಿ. ಬಿಗಿಯೆಂದು ಶಾಫ್ಟಿಗೆ ಎಮರಿ ಹೊಡೆದರೆ ಮುಂದೆ ವೀಲ್ ಓಲಾಡುತ್ತದೆ. ಕೀ ಉದ್ದವಾಗಿ ಹೊರಚಾಚಿದರೆ ಜಾರುವ ಭಾಗಕ್ಕೆ ತಗಲುತ್ತದೆ, ಹಲ್ಲು ಪೂರ್ತಿ ಕೂಡುವುದಿಲ್ಲ. ಅರ್ಧ ಕೂಡಿದ ಹಲ್ಲಿನ ತುದಿ ಬೇಗ ಗುಂಡಗಾಗಿ, ಭಾರ ಬಿದ್ದಾಗ ಜಿಗಿಯುತ್ತದೆ. ಶಾಫ್ಟ್ ನೆಟ್ಟಗೆ ನಿಂತು ವೀಲ್ ಮೇಲ್ಗಡೆ ಬರುವಂತಿದ್ದರೆ ಬೀಡಿನ ವೀಲ್ ಬೇಡ. 3 ಕೆ.ಜಿ. ತೂಕವೇ ಸ್ಪ್ರಿಂಗನ್ನು ಅದುಮಿ ತಾನಾಗಿ ಹಲ್ಲು ಕೂಡಿಸಬಹುದು. ಅಲ್ಯೂಮಿನಿಯಂ ವೀಲ್ ಹಾಕಿ.

ಕಪ್ಲಿಂಗ್ ಕೆಡುವುದು ಸಾಮಾನ್ಯವಾಗಿ ಭಾರದಿಂದಲ್ಲ, ಬೀಡಿನ ಪುಡಿ ಮತ್ತು ಕೂಲಂಟಿನಿಂದ. ಸೀಲ್ ಇಲ್ಲದ ಕಪ್ಲಿಂಗನ್ನು ಬೀಡು ಕೊರೆಯುವ ಮಷೀನಿಗೆ ಹಾಕುವುದು ದಂಡ. ಬದಲಿಸುವ ಬೇರಿಂಗ್ ತೆಳು ಕವಚದ ಎಚ್‌ಕೆ ಜಾತಿಯದಾದರೆ (ಎಚ್‌ಕೆ 2016 ಅಂದರೆ ಒಳಗೆ 20, ಹೊರಗೆ 26, ಅಗಲ 16 ಮಿ.ಮೀ.) ಅಕ್ಷರ ಕೊರೆದ ಮುಖಕ್ಕೆ ಮ್ಯಾಂಡ್ರೆಲ್ (ಒತ್ತುವ ಸರಳು) ಕೊಟ್ಟು ಪ್ರೆಸ್ಸಿನಲ್ಲಿ ಒತ್ತಿ. ಸುತ್ತಿಗೆ ಏಟಿಗೆ ಕವಚ ನೆಗ್ಗಿ ಸೂಜಿಗಳು ಸಿಕ್ಕಿಹಾಕಿಕೊಳ್ಳುತ್ತವೆ. ಬಿಡಿ ಬೇರಿಂಗಿನ ಒಳವ್ಯಾಸ ಅಳೆದು ಉಪಯೋಗವಿಲ್ಲ, ಹಬ್ಬಿನೊಳಗೆ ಕೂತ ಮೇಲೇ ಅದು ದುಂಡಾಗುವುದು. ಸೂಜಿ ಓಡುವ ಸ್ಲೀವಿನಲ್ಲಿ ಗೆರೆ ಬಿದ್ದಿದ್ದರೆ ಅದನ್ನೂ ಬದಲಿಸಿ. ಅದು ಗಡಸುತನದಲ್ಲಿ 58 ಎಚ್‌ಆರ್‌ಸಿಗಿಂತ ಮೆತ್ತಗಿದ್ದರೆ ಹೊಸ ಬೇರಿಂಗೂ ಬಹಳ ದಿನ ಬಾರದು.

ಒಂದು ಕೊರತೆ ಈ ಜಾತಿಯ ಎಲ್ಲ ಕಪ್ಲಿಂಗಿಗೂ ಉಂಟು: ಫೀಡ್ ಓಡುವಾಗ ಯಾರಾದರೂ ವೀಲ್ ಒತ್ತಿದರೆ ಅದು ತಡೆಯುವುದಿಲ್ಲ, ಹಲ್ಲು ಕಚ್ಚಿ ಮಣಿಕಟ್ಟು ತಿರುಚುತ್ತದೆ. ಒತ್ತಿದೊಡನೆ ಫೀಡ್ ಕಡಿಯುವ ಲಿಮಿಟ್ ಸ್ವಿಚ್ಚನ್ನೂ ಜತೆಗೇ ಕೂರಿಸಿ. ಕೈಯಿಂದಷ್ಟೇ ತಿರುಗಿಸುವ ಮಷೀನಿಗೆ ಇದೆಲ್ಲ ಬೇಡ, ಸಾದಾ ವೀಲೇ ಸಾಕು.