ಚೆಲ್ಸಿಯ ಪಿಂಗಾಣಿ ಹಣ್ಣು ಕೊಳ್ಳುವವರು ಮುಚ್ಚಳವನ್ನು ಪ್ರತ್ಯೇಕವಾಗಿ ಪರೀಕ್ಷಿಸಿ

ಹದಿನೆಂಟನೆಯ ಶತಮಾನದ ಇಂಗ್ಲಿಷ್ ಪಿಂಗಾಣಿಯಲ್ಲಿ ಹಣ್ಣಿನ ಆಕಾರದ ಮುಚ್ಚಳದ ಪಾತ್ರೆಗಳನ್ನು ಕೊಳ್ಳಬೇಕೆಂದಿರುವವರು ದಯವಿಟ್ಟು ಇದನ್ನು ಓದಿ. ‘ಚೆಲ್ಸಿ, ಸುಮಾರು 1755, ಕೆಂಪು ಲಂಗರಿನ ಗುರುತು, ಸುಸ್ಥಿತಿ’ ಎಂದು ಬರೆದು ಇಂಗ್ಲೆಂಡಿನ ವ್ಯಾಪಾರಿಯೊಬ್ಬರು ನನಗೆ ಮಾರಿದ ಕರಬೂಜದ ಪಾತ್ರೆಯಲ್ಲಿ ತಳ ಮಾತ್ರ ಆ ಕಾಲದ್ದು; ಮುಚ್ಚಳ ಬೇರೆಲ್ಲಿಂದಲೋ ತಂದು ಕೂರಿಸಿದ್ದು.

ನಿಕೊಲಾಸ್ ಸ್ಪ್ರಿಮಾಂಟ್ ನಡೆಸುತ್ತಿದ್ದ ಲಂಡನ್ನಿನ ಚೆಲ್ಸಿ ಕಾರ್ಖಾನೆಯು 1750ರ ದಶಕದಲ್ಲಿ ಕರಬೂಜ, ನಿಂಬೆ, ಸೇಬುಗಳ ರೂಪದ ಪಾತ್ರೆಗಳನ್ನು ಸಿರಿವಂತರ ಊಟದ ಮೇಜಿಗೆಂದು ತಯಾರಿಸುತ್ತಿತ್ತು. ಆ ದಶಕದ ಮಧ್ಯದಲ್ಲಿ ಕೆಂಪು ಬಣ್ಣದ ಪುಟ್ಟ ಲಂಗರು ಅದರ ಗುರುತಾಗಿತ್ತು. ತೊಟ್ಟು, ಎಲೆಗಳೇ ಮುಚ್ಚಳದ ಹಿಡಿಕೆಯಾದ್ದರಿಂದ ಏಟು ಮೊದಲು ಬೀಳುವುದು ಅಲ್ಲಿಗೇ. ಹೀಗಾಗಿ ಒಂಟಿಯಾಗಿ ಉಳಿದ ತಳಕ್ಕೆ ಬೇರೆ ಮುಚ್ಚಳ ಜೋಡಿಸಿ ಇಡೀ ಪಾತ್ರೆಯ ಬೆಲೆಗೆ ಮಾರುವವರಿದ್ದಾರೆ.

ತಳದ ಹಿಂದೆ ಟಾರ್ಚ್ ಹಿಡಿದಾಗ ಬೆಳಕು ಬೆಚ್ಚನೆಯ ಕೆನೆಬಣ್ಣದಲ್ಲಿ ಹಾಯ್ದು, ನಡುನಡುವೆ ‘ಚಂದ್ರ’ಗಳೆಂದು ಸಂಗ್ರಾಹಕರು ಕರೆಯುವ ತಿಳಿ ಚುಕ್ಕೆಗಳು ಕಂಡವು, ಆ ಕಾಲದ ಚೆಲ್ಸಿಯ ಮೃದು ಪಿಂಗಾಣಿಯಲ್ಲಿ ಇವು ಸಾಮಾನ್ಯ. ಮುಚ್ಚಳದಲ್ಲಿ ಒಂದು ಚುಕ್ಕೆಯೂ ಇರಲಿಲ್ಲ, ಬೆಳಕು ತಣ್ಣಗೆ, ನೀಲಿ ಛಾಯೆಯಲ್ಲಿತ್ತು. ಅದು ಗಟ್ಟಿ ಪಿಂಗಾಣಿ, ಅಂದರೆ ಹೆಚ್ಚು ಶಾಖದಲ್ಲಿ ಸುಟ್ಟ ಬೇರೆ ಬಗೆಯದು; ಚೆಲ್ಸಿಯದ್ದಲ್ಲ. ತಳದಲ್ಲಿ ಪುಟ್ಟ ಕೆಂಪು ಲಂಗರಿನ ಪಕ್ಕ 12 ಎಂಬ ಅಂಕೆಯಿದ್ದರೆ, ಮುಚ್ಚಳದಲ್ಲಿ ಅಂಕೆಯೇ ಇರಲಿಲ್ಲ. ಜೋಡಿ ತಪ್ಪದಿರಲೆಂದು ಕಾರ್ಖಾನೆಯಲ್ಲಿ ಎರಡೂ ಭಾಗಗಳಿಗೆ ಒಂದೇ ಅಂಕೆ ಬರೆಯುತ್ತಿದ್ದುದುಂಟು. ನೇರಳಾತೀತ ದೀಪದ ಕೆಳಗೆ ತೊಟ್ಟಿನ ಬುಡವಷ್ಟೇ ಬೇರೆ ಬಣ್ಣದಲ್ಲಿ ಹೊಳೆದು, ಅಲ್ಲಿ ಹೊಸದಾಗಿ ಮೆತ್ತಿ ಬಣ್ಣ ಬಳಿದಿರುವುದನ್ನು ತೋರಿಸಿಕೊಟ್ಟಿತು.

ಲಂಗರಿನ ಗುರುತೊಂದನ್ನೇ ನಂಬುವಂತಿಲ್ಲ. ಪ್ಯಾರಿಸ್ಸಿನಲ್ಲಿ 1845ರಲ್ಲಿ ಆರಂಭವಾದ ಸ್ಯಾಮ್ಸನ್ ಸಂಸ್ಥೆಯಂಥವು ಚೆಲ್ಸಿಯ ಮಾದರಿಗಳನ್ನು ಲಂಗರಿನ ಸಮೇತ ಗಟ್ಟಿ ಪಿಂಗಾಣಿಯಲ್ಲಿ ತಯಾರಿಸಿವೆ. ನಿಜವಾದ ಕೆಂಪು ಲಂಗರು ತೀರಾ ಚಿಕ್ಕದು, ಸಾಮಾನ್ಯವಾಗಿ 6 ಮಿಲಿಮೀಟರಿಗಿಂತ ಹೆಚ್ಚಿರದು. ಆದ್ದರಿಂದ ಹಣ ಕೊಡುವ ಮುನ್ನ ಎರಡೂ ಭಾಗಗಳ ಒಳಮೈ, ಅಂಕೆ, ಬೆಳಕಿಗೆ ಹಿಡಿದ ಚಿತ್ರ ಇವುಗಳನ್ನು ಕೇಳಿ ಪಡೆಯಿರಿ. ದುರಸ್ತಿಯಾಗಿದೆಯೇ ಎಂಬ ಪ್ರಶ್ನೆಗೆ ಉತ್ತರವನ್ನು ಬರಹದಲ್ಲಿಯೇ ಕೇಳಿ. ‘ವಯಸ್ಸಿಗೆ ತಕ್ಕ ಸ್ಥಿತಿ’ ಎಂಬ ಮಾತು ಉತ್ತರವೇ ಅಲ್ಲ.

ದುರಸ್ತಿಯ ಚಿತ್ರಗಳನ್ನು ನಾನು ಕಳುಹಿಸಿದ ಮೇಲೆ ವ್ಯಾಪಾರಿ, ಹಳೆಯ ವಸ್ತುವಿನಲ್ಲಿ ಇದೆಲ್ಲ ಸಹಜವೆಂದು ವಾದಿಸಿ, ಸಾಗಣೆಯ ವೆಚ್ಚ ಮುರಿದುಕೊಂಡು ಉಳಿದ ಹಣ ಮರಳಿಸಿದರು. ಈಗ ಅದೇ ಕರಬೂಜ ಅದೇ ಚಿತ್ರಗಳೊಂದಿಗೆ, ಒಂದಕ್ಷರವೂ ಬದಲಾಗದ ವಿವರಣೆಯೊಂದಿಗೆ ಮತ್ತೆ ಮಾರಾಟಕ್ಕಿದೆ. ತಳದಲ್ಲಿ 12 ಎಂದಿದ್ದು ಮುಚ್ಚಳದಲ್ಲಿ ಅಂಕೆಯಿಲ್ಲದ ಪಾತ್ರೆ ಕಣ್ಣಿಗೆ ಬಿದ್ದರೆ ಕೊಳ್ಳಬೇಡಿ.