ಹಳೆ ಪಂಚೆ, ಅರಳಿ ಎಲೆ, ಹಲಸಿನ ಹೊಟ್ಟು: ಮೈಸೂರಿನ ಒಂದು ದಿನದ ಕಾರ್ಯಾಗಾರ ಹೇಗಿತ್ತು

ಮಾರ್ಚ್‌ನಲ್ಲಿ ಮೈಸೂರಿನ ಸರಸ್ವತಿಪುರಂನ ಒಂದು ಹಳೆ ಮನೆಯಲ್ಲಿ ಒಂದು ದಿನದ ಕಾರ್ಯಾಗಾರಕ್ಕೆ ಹೋಗಿದ್ದೆ. ಮನೆಯಲ್ಲಿ ಬಿದ್ದಿರುವ ಹಳೆ ಬಟ್ಟೆ, ಎಲೆ, ಮರದ ಹೊಟ್ಟು ಇಂಥವನ್ನೇ ಬಳಸಿ ಬೌದ್ಧ ಕಲೆಯ ಗುರುತುಗಳಿರುವ ಅಲಂಕಾರದ ವಸ್ತುಗಳನ್ನು ಮಾಡುವುದು ಹೇಗೆ ಅಂತ ಕಲಿಸುತ್ತಾರೆ. ಬೆಳಿಗ್ಗೆ ಹತ್ತರಿಂದ ಸಂಜೆ ಐದು, 1,400 ರೂಪಾಯಿ, ಸಾಮಾನು ಮತ್ತು ಊಟ ಸೇರಿ. ಮನೆಗೆ ಬಂದು ಮೂರು ತಿಂಗಳು ನಾನೇ ಮಾಡಿ ನೋಡಿದ ಮೇಲೆ ಬರೆಯೋಣ ಅಂತ ಕಾದೆ. ಅಲ್ಲಿ ಕೂತು ಮಾಡುವಾಗ ಎಲ್ಲವೂ ಚೆನ್ನಾಗಿಯೇ ಬರುತ್ತದೆ, ಅಲ್ವಾ, ಪಕ್ಕದಲ್ಲಿ ಹೇಳಿಕೊಡುವವರು ಇರುತ್ತಾರೆ.

ಕಲಿಸಿದವರು ಇಬ್ಬರು. ಒಬ್ಬರು ಧಾರವಾಡದ ಕಡೆಯವರು, ಕೌದಿ ಹೊಲಿಯುವವರು. ಇನ್ನೊಬ್ಬರು ಬೈಲಕುಪ್ಪೆಯಲ್ಲೇ ಹುಟ್ಟಿ ಬೆಳೆದ ಟಿಬೆಟನ್ ಅಕ್ಕ, ಕುಶಾಲನಗರದವರ ಹಾಗೆಯೇ ಕನ್ನಡ ಮಾತಾಡುತ್ತಾರೆ. ಈ ಜೋಡಿಯೇ ಇಲ್ಲಿನ ನಿಜವಾದ ಬಲ. ಒಬ್ಬರೇ ಇದ್ದಿದ್ದರೆ ಇದು ಸುಮ್ನೆ ಹೊಲಿಗೆ ತರಗತಿ ಆಗುತ್ತಿತ್ತು, ಇಲ್ಲಾ ಸುಮ್ನೆ ಭಾಷಣ ಆಗುತ್ತಿತ್ತು.

ನಮ್ಮ ಕಡೆ ಬೌದ್ಧ ಕಲೆ ಅಂದ ಕೂಡಲೇ ಜನರಿಗೆ ನೆನಪಾಗುವುದು ಬೈಲಕುಪ್ಪೆಯ ನಮ್ಡ್ರೋಲಿಂಗ್ ಮಠ, ಅಲ್ಲಿನ ದೊಡ್ಡ ಚಿನ್ನದ ಬಣ್ಣದ ಮೂರ್ತಿಗಳು. ನನಗೂ ಹಾಗೆಯೇ ಇತ್ತು. ಚಿಕ್ಕವಳಿದ್ದಾಗಿಂದ ನೋಡಿದ್ದು ಅದೇ, ಕತ್ತೆತ್ತಿ ನೋಡಿ ಕೈ ಮುಗಿದದ್ದೂ ಅಲ್ಲೇ. ಆದರೆ ಅವತ್ತು ಟಿಬೆಟನ್ ಅಕ್ಕ ಮೊದಲು ತೆಗೆದು ಹಾಸಿದ್ದು ಒಂದು ತೇಪೆ ಹಾಕಿದ ಹಳೆ ಕಾವಿ ಬಟ್ಟೆ. ಭಿಕ್ಷುಗಳ ಚೀವರ, ಅಂದರೆ ಅವರು ಉಡುವ ಬಟ್ಟೆ, ಹುಟ್ಟಿದ್ದೇ ಬಿಸಾಡಿದ ಬಟ್ಟೆಯಿಂದ ಅಂತ ಹೇಳಿದರು. ಅದಕ್ಕೆ ಪಾಂಸುಕೂಲ ಅನ್ನುತ್ತಾರೆ. ಕಸದ ಗುಡ್ಡೆಯಲ್ಲಿ, ಸುಡುಗಾಡಿನಲ್ಲಿ ಸಿಕ್ಕ ಚಿಂದಿಯನ್ನು ಒಗೆದು, ಹೊಲಿದು, ಬಣ್ಣ ಕಟ್ಟಿ ಉಡುತ್ತಿದ್ದರು. ಆಮೇಲೆ ಜನ ಹೊಸ ಬಟ್ಟೆ ದಾನ ಕೊಡಲು ಶುರು ಮಾಡಿದರು. ಅದನ್ನೂ ತುಂಡು ಮಾಡಿ ಹೊಲಿದೇ ಉಡಬೇಕು ಅನ್ನುವ ನಿಯಮ ಬಂತು. ಆ ತುಂಡುಗಳ ವಿನ್ಯಾಸಕ್ಕೂ ಭಿಕ್ಷುಗಳ ನಿಯಮಗಳಿರುವ ಗ್ರಂಥ ವಿನಯ ಪಿಟಕದಲ್ಲಿ ಒಂದು ಕಥೆ ಇದೆ. ಬುದ್ಧ ಮಗಧದ ಗದ್ದೆಗಳನ್ನು ನೋಡುತ್ತಾನೆ, ಬದುಗಳು, ಅಡ್ಡ ಬದುಗಳು, ಚೌಕ ಚೌಕ. ಶಿಷ್ಯ ಆನಂದನನ್ನು ಕರೆದು, ಚೀವರವನ್ನು ಹೀಗೆ ಹೊಲಿಯಲು ಆಗುತ್ತದೆಯೇ ಅಂತ ಕೇಳುತ್ತಾನೆ. ಆನಂದ ಹೊಲಿದು ತಂದು ತೋರಿಸುತ್ತಾನೆ.

ಇದನ್ನು ಕೇಳಿ ನನಗೆ ನಮ್ಮಜ್ಜಿಯ ಕೌದಿ ಕಣ್ಣ ಮುಂದೆ ಬಂತು. ಹಳೆ ಸೀರೆ, ಹಳೆ ಧೋತರ, ಹರಿದ ಅಂಗಿ ಎಲ್ಲ ಪದರ ಪದರವಾಗಿ ಹಾಸಿ, ಮೇಲೆ ಚೌಕದ ತುಂಡುಗಳನ್ನಿಟ್ಟು, ಅಂಚಿನಿಂದ ಒಳಕ್ಕೆ ಸಾಲು ಸಾಲಾಗಿ ಹೊಲಿಯುತ್ತಿದ್ದಳು. ಈ ಕಾರ್ಯಾಗಾರದಲ್ಲಿ ಮಾಡಿಸಿದ್ದೂ ಅದೇ ಕೆಲಸ, ಗದ್ದೆಯ ವಿನ್ಯಾಸದಲ್ಲಿ. ಹಳೆಯ ವಸ್ತು ಬಳಸುವುದು ಈಗಿನ ಪರಿಸರ ಕಾಳಜಿ ಅಂತ ಮೇಲಿಂದ ಅಂಟಿಸಿದ ಮಾತಾಗಿ ಬರಲಿಲ್ಲ, ಬೌದ್ಧ ಕಲೆಯ ಒಳಗಿನಿಂದಲೇ ಬಂತು. ಇಂಥ ತರಗತಿಗಳಿಗೆ ನಾನು ಮೊದಲೂ ಹೋಗಿದ್ದೇನೆ. ಇಷ್ಟು ಅರ್ಥವಾಗುವ ಹಾಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಬಣ್ಣ ಹಾಕುವ ಕೆಲಸ ಹಿತ್ತಲಲ್ಲಿ. ಸಾಮಿಲ್‌ನಿಂದ ತಂದ ಹಲಸಿನ ಮರದ ಹೊಟ್ಟು, ಅದೂ ಮರದ ಒಳಗಿನ ಹಳದಿ ತಿರುಳಿನದು. ಅದನ್ನು ಬಟ್ಟೆಯ ಚೀಲದಲ್ಲಿ ಕಟ್ಟಿ ಒಂದು ಗಂಟೆ ಕುದಿಸಿದರು. ಪಟಿಕದ ನೀರಲ್ಲಿ ಮೊದಲೇ ನೆನೆಸಿಟ್ಟ ಹಳೆ ಪಂಚೆಯನ್ನು ಅದರಲ್ಲಿ ಅದ್ದಿದಾಗ ಬಂದ ಬಣ್ಣ ನೋಡಬೇಕಿತ್ತು. ಅಂಗಡಿಯ ಕೇಸರಿ ಅಲ್ಲ, ಹಣ್ಣಾದ ಬೆಳೆಯ ಹಾಗೆ ಕಂದು ಬೆರೆತ ಹಳದಿ. ಥಾಯ್ಲೆಂಡಿನ ಕಾಡಿನ ಭಿಕ್ಷುಗಳು ಇವತ್ತಿಗೂ ಹಲಸಿನ ತಿರುಳಿನಿಂದಲೇ ಚೀವರಕ್ಕೆ ಬಣ್ಣ ಕಟ್ಟುತ್ತಾರೆ. ನಮ್ಮ ಮಲೆನಾಡಿನ ಎಷ್ಟು ಸಾಮಿಲ್‌ಗಳಲ್ಲಿ ಈ ಹೊಟ್ಟು ಒಲೆಗೆ ಹೋಗುತ್ತದೋ! ಮನೆಯಲ್ಲಿ ನಾನು ಇದನ್ನು ಎರಡು ಸಲ ಮಾಡಿದೆ. ಎರಡೂ ಸಲ ಬಣ್ಣ ಚೆನ್ನಾಗಿ ಹಿಡಿಯಿತು, ಒಗೆದರೂ ನಿಂತಿದೆ.

ಮಧ್ಯಾಹ್ನ ಚಕ್ರ. ಎಂಟು ಅರಗಳ ಧರ್ಮಚಕ್ರ, ಬುದ್ಧ ಹೇಳಿದ ಎಂಟು ಅಂಗಗಳ ದಾರಿ ಅಷ್ಟಾಂಗ ಮಾರ್ಗದ ಗುರುತು. ಕೋನ ಅಳೆಯುವ ಗೋಜಿಲ್ಲ. ಕಾಗದವನ್ನು ದುಂಡಗೆ ಕತ್ತರಿಸಿ ಮೂರು ಸಲ ಮಡಿಸಿದರೆ ಎಂಟು ಭಾಗ ತಾನಾಗಿ ಬರುತ್ತದೆ. ಅದನ್ನಿಟ್ಟು ಬಟ್ಟೆಯ ಮೇಲೆ ಗೆರೆ ಎಳೆದು, ಅರಗಳಿಗೆ ಸೀರೆಯ ಅಂಚಿನ ಪಟ್ಟಿ ಹೊಲಿದೆವು. ನಾನು ಗಾಬರಿಯಲ್ಲಿ ದಾರವನ್ನು ಬಿಗಿಯಾಗಿ ಎಳೆಯುತ್ತಿದ್ದೆ, ಬಟ್ಟೆ ಸುಕ್ಕಾಗುತ್ತಿತ್ತು. ಧಾರವಾಡದ ಅಕ್ಕ ಬಂದು ಕೈ ಮೇಲೆ ಕೈಯಿಟ್ಟು, "ಜಗ್ಗಬ್ಯಾಡ್ರಿ, ದಾರ ತಾನ ಕುಂದರತೈತಿ" ಅಂದರು. ಆ ಮೇಲೆ ಸುಕ್ಕು ಬರಲಿಲ್ಲ. ಚೌಕಟ್ಟಿಗೆ ಬಳಸಿದ್ದು ತಳ ಹೋದ ಹಳೆ ಜರಡಿಯ ಬಳೆ. ಎಷ್ಟು ಚೆಂದ ಕೂತಿತು ಅಂದರೆ ಈಗ ಗುಜರಿ ಅಂಗಡಿ ಕಂಡರೆ ನಾನು ಮೊದಲು ಹುಡುಕುವುದೇ ಜರಡಿ.

ಬುದ್ಧನ ಮುಖ ಯಾಕೆ ಮಾಡಿಸುವುದಿಲ್ಲ ಅಂತ ಒಬ್ಬ ಹುಡುಗ ಕೇಳಿದ. ಅದಕ್ಕೆ ಸಿಕ್ಕ ಉತ್ತರ ನನಗೆ ತುಂಬ ಹಿಡಿಸಿತು. ತೀರಾ ಹಳೆಯ ಸ್ತೂಪಗಳ ಶಿಲ್ಪಗಳಲ್ಲಿ ಬುದ್ಧನನ್ನು ಮನುಷ್ಯ ರೂಪದಲ್ಲಿ ತೋರಿಸುತ್ತಿರಲಿಲ್ಲ. ಅವನಿರುವ ಜಾಗದಲ್ಲಿ ಬೋಧಿ ಮರ (ನಮ್ಮ ಅರಳಿ ಮರವೇ), ಚಕ್ರ, ಪಾದದ ಗುರುತು, ಖಾಲಿ ಪೀಠ. ನಮ್ಮ ಕಲಬುರಗಿ ಜಿಲ್ಲೆಯಲ್ಲೇ ಭೀಮಾ ತೀರದ ಸನ್ನತಿಯ ಹತ್ತಿರ ಕನಗನಹಳ್ಳಿಯ ಸ್ತೂಪ ಇದೆ, "ರಾಯ ಅಸೋಕೋ" ಅಂತ ಬ್ರಾಹ್ಮಿ ಲಿಪಿಯಲ್ಲಿ ಬರೆದ ಅಶೋಕನ ಶಿಲ್ಪ ಸಿಕ್ಕಿದ ಜಾಗ. ಅಲ್ಲಿಯ ಕಲ್ಲುಗಳ ಫೋಟೋಗಳನ್ನೂ ತೋರಿಸಿದರು. ಬರೀ ತಲೆ ಮಾತ್ರ ಇರುವ ಬುದ್ಧನನ್ನು ಬಾತ್‌ರೂಮಿನಲ್ಲಿಟ್ಟು ಅಲಂಕಾರ ಅನ್ನುವವರಿಗೆ ಇದನ್ನು ಹೇಳಬೇಕು ಅನ್ನಿಸಿತು. ಒಂದು ಸಮುದಾಯ ಪೂಜಿಸುವ ರೂಪ ಅದು, ನೋವಾಗುತ್ತದೆ ಅವರಿಗೆ. ಎಲೆ, ಚಕ್ರ ಆದರೆ ಆ ಸಂಕಟ ಇಲ್ಲ.

ಟಿಬೆಟನ್ ಪ್ರಾರ್ಥನೆಯ ಬಾವುಟಗಳ ಭಾಗ ಚಿಕ್ಕದು. ನೀಲಿ ಆಕಾಶ, ಬಿಳಿ ಗಾಳಿ, ಕೆಂಪು ಬೆಂಕಿ, ಹಸಿರು ನೀರು, ಹಳದಿ ಭೂಮಿ, ಇದೇ ಕ್ರಮದಲ್ಲಿ ಕಟ್ಟಬೇಕು. ಮಂತ್ರ ಅಚ್ಚು ಹಾಕಿದ ಮೇಲೆ ಅದನ್ನು ನೆಲಕ್ಕೆ ತಾಗಿಸಬಾರದು, ಹಳೆಯದಾದರೆ ಕಸಕ್ಕೆ ಹಾಕದೆ ಸುಡಬೇಕು. ಅಷ್ಟು ಜೋಪಾನ ಆಗದವರು ಮಂತ್ರ ಬೇಡ, ಅರಳಿ ಎಲೆಯ ಅಚ್ಚು ಹಾಕಿ ಅಂದರು. ನಾನು ಎಲೆಯನ್ನೇ ಹಾಕಿದೆ.

ಈಗ ಕೊರತೆಗಳು. ದೊಡ್ಡ ಬೇಸರ ಅರಳಿ ಎಲೆಯ ವಿಷಯದಲ್ಲಿ. ಎಲೆಯ ಹಸಿರು ಭಾಗ ತೆಗೆದು ನರಗಳ ಬಲೆ ಮಾತ್ರ ಉಳಿಸುವುದು ಇಡೀ ದಿನದ ಅತಿ ಸುಂದರ ಕೆಲಸ, ಅದಕ್ಕೆ ಕೊಟ್ಟಿದ್ದು ಮುಕ್ಕಾಲು ಗಂಟೆ. ಮೊದಲೇ ತಯಾರು ಮಾಡಿಟ್ಟ ಎಲೆ ಕೈಗೆ ಕೊಟ್ಟು ಉಜ್ಜಿಸಿದರು, ಅಷ್ಟೇ. ಹಾಗಾಗಿ ಮನೆಯಲ್ಲಿ ನನ್ನ ಮೊದಲ ಹನ್ನೆರಡು ಎಲೆಗಳೂ ಹರಿದು ಹೋದವು. ಎಳೆ ಎಲೆ ತಂದಿದ್ದೆ, ಎಳೆಯದು ಆಗುವುದಿಲ್ಲ ಅಂತ ಯಾರೂ ಹೇಳಿರಲಿಲ್ಲ. ಬಲಿತ, ಆಗಷ್ಟೇ ಉದುರಿದ, ತೂತಿಲ್ಲದ ಎಲೆ ಬೇಕು. ಬಕೆಟ್ಟಿನ ನೀರಲ್ಲಿ ಮುಳುಗಿಸಿ ಮೂರು ನಾಲ್ಕು ವಾರ ಬಿಡಬೇಕು, ನೀರು ನಾರುತ್ತದೆ, ಸೊಳ್ಳೆ ಮೊಟ್ಟೆ ಇಡದ ಹಾಗೆ ಬಿಗಿಯಾದ ಮುಚ್ಚಳ ಹಾಕಲೇಬೇಕು. ಆಮೇಲೆ ತಟ್ಟೆಯ ಮೇಲೆ ಹರಡಿ ಹಳೆ ಮೆತ್ತನೆ ಹಲ್ಲುಜ್ಜುವ ಬ್ರಷ್ಷಿನಿಂದ ನಿಧಾನಕ್ಕೆ ತಟ್ಟುತ್ತಾ ಹೋದರೆ ತಿರುಳು ಬಿಡುತ್ತದೆ. ಅವಸರ ಇದ್ದರೆ ವಾಷಿಂಗ್ ಸೋಡಾ ಹಾಕಿ ಕುದಿಸಬಹುದು, ಸ್ಟೀಲ್ ಪಾತ್ರೆಯಲ್ಲೇ ಆಗಬೇಕು, ಅಲ್ಯುಮಿನಿಯಂ ಪಾತ್ರೆಯನ್ನು ಸೋಡಾ ತಿನ್ನುತ್ತದೆ, ಕೈಗೆ ಗ್ಲೌಸ್ ಇರಲಿ. ನೆನೆಸಿದ್ದೇ ನನಗೆ ಚೆನ್ನಾಗಿ ಬಂತು. ತುದಿಯ ಉದ್ದ ಬಾಲ ಮುರಿಯದೆ ಉಳಿದ ಒಂದು ಎಲೆ ಸಿಕ್ಕಾಗ ಅಡುಗೆಮನೆಯಲ್ಲಿ ನಿಂತು ಬೆಳಕಿಗೆ ಹಿಡಿದು ಎಷ್ಟೋ ಹೊತ್ತು ನೋಡಿದೆ.

ಎರಡನೆಯದು, ಸಮಯ ಸಾಲದೆ ಕೊನೆಯ ಅರ್ಧ ಗಂಟೆ ಉಳಿದ ಅರಗಳನ್ನು ಅಂಟಿನಲ್ಲಿ ಅಂಟಿಸಿ ಅಂದರು. ನನ್ನ ಚಕ್ರದಲ್ಲಿ ಅಂಟಿಸಿದ ಮೂರು ಅರಗಳೂ ಮಳೆಗಾಲದ ತೇವಕ್ಕೆ ಎದ್ದು ಬಂದವು, ಹೊಲಿದ ಐದು ಹಾಗೇ ಇವೆ. ಉಳಿದದ್ದನ್ನು ಮನೆಯಲ್ಲಿ ಹೊಲಿದುಕೊಳ್ಳಿ ಅಂದಿದ್ದರೆ ಸಾಕಿತ್ತು. ಹೊರಗೆ ಹೋಗುವ ಬಾಗಿಲ ಹತ್ತಿರ ಪ್ಲಾಸ್ಟಿಕ್ ಮೂರ್ತಿಗಳನ್ನು ಮಾರಾಟಕ್ಕೆ ಇಟ್ಟದ್ದೂ ಸರಿ ಕಾಣಲಿಲ್ಲ. ಇಡೀ ದಿನ ಹೇಳಿದ್ದಕ್ಕೂ ಅದಕ್ಕೂ ಹೊಂದಿಕೆಯೇ ಇಲ್ಲ. ಹೋಗುವಾಗ ಹೇಳಿದೆ. ಟಿಬೆಟನ್ ಅಕ್ಕ ಬೇಸರ ಮಾಡಿಕೊಳ್ಳದೆ ಕೇಳಿಸಿಕೊಂಡರು.

ಊಟ ಸಾಧಾರಣ, ಅನ್ನ ಸಾರು ಪಲ್ಯ. ಒಳಗಿನ ಕೋಣೆಯಲ್ಲಿ ಬೆಳಕು ಕಡಿಮೆ, ಕನ್ನಡಕ ಹಾಕುವವರು ಕಿಟಕಿ ಪಕ್ಕದ ಜಾಗ ಹಿಡಿಯಿರಿ. ಮಕ್ಕಳನ್ನು ಕರೆದೊಯ್ಯಬಹುದು, ಸೂಜಿ ಹಿಡಿಯಲು ಬರುವ ವಯಸ್ಸಿನವರಾದರೆ ಒಳ್ಳೆಯದು. ಐದಕ್ಕೆ ನಾಲ್ಕು ಕೊಡುತ್ತೇನೆ. ಎಲೆಗೇ ಬೇರೆ ಒಂದು ದಿನ ಇಟ್ಟರೆ ಮತ್ತೆ ದುಡ್ಡು ಕೊಟ್ಟು ಹೋಗುತ್ತೇನೆ.

ಅವರು ಕೊಡುವ ಬಟ್ಟೆ ಚೆನ್ನಾಗಿಯೇ ಇದೆ, ಆದರೂ ಹೋಗುವವರು ಮನೆಯ ಹಳೆ ಹತ್ತಿ ಬಟ್ಟೆಯನ್ನೇ ತೆಗೆದುಕೊಂಡು ಹೋಗಿ. ಪಾಲಿಸ್ಟರ್ ಬೇಡ, ಹಲಸಿನ ಬಣ್ಣ ಹಿಡಿಯುವುದಿಲ್ಲ. ನಾನು ಒಯ್ದದ್ದು ಅಪ್ಪನ ಪಂಚೆ, ಅಂಚಿನಲ್ಲಿ ಅವ್ವ ಹಾಕಿದ್ದ ರಫೂ ಬಣ್ಣ ಕಟ್ಟಿದ ಮೇಲೂ ಚಕ್ರದ ಎಡಗಡೆ ಸ್ಪಷ್ಟವಾಗಿ ಕಾಣುತ್ತದೆ.